ಒಂದು ಚೌಕಟ್ಟು, ಎರಡು ಬೆಳಕು: ನಾನು ಫ್ಲ್ಯಾಶ್ ಕಲಿತ ಬಗೆ

ಎಲೆಕ್ಟ್ರಾನಿಕ್ ಫ್ಲ್ಯಾಶ್ ಇರುವುದು ಕತ್ತಲಿಗಾಗಿ ಎಂದು ತಿಳಿದವರೇ ಹೆಚ್ಚು. ನಾನು ಅದನ್ನು ಕಲಿಯಲು ಹೊರಟ ಕಾರಣ ಬೇರೆಯಾಗಿತ್ತು. ಕಿಟಕಿಗೆ ಬೆನ್ನು ಮಾಡಿ ಕುಳಿತವರ ಮುಖವೂ ಕಿಟಕಿಯಾಚೆಯ ಆಕಾಶವೂ ಒಂದೇ ಚಿತ್ರದಲ್ಲಿ ಸರಿಯಾಗಿ ಕಾಣಬೇಕೆಂಬುದು ನನ್ನ ಅಪೇಕ್ಷೆ. ಆಕಾಶಕ್ಕೆ ಅಳತೆ ಮಾಡಿದರೆ ಮುಖ ಕಪ್ಪಾಗುತ್ತಿತ್ತು, ಮುಖಕ್ಕೆ ಅಳತೆ ಮಾಡಿದರೆ ಆಕಾಶ ಬೆಳ್ಳಗೆ ಕರಗಿಹೋಗುತ್ತಿತ್ತು. ಅಲ್ಲಿ ಬೆಳಕಿಗೇನೂ ಕೊರತೆ ಇರಲಿಲ್ಲ. ಒಳಗಿನ ಬೆಳಕಿಗೂ ಹೊರಗಿನ ಬೆಳಕಿಗೂ ಇದ್ದ ಅಂತರವೇ ತೊಡಕಾಗಿತ್ತು. ಆ ಅಂತರವನ್ನು ನಮಗೆ ಬೇಕಾದಷ್ಟಕ್ಕೆ ಇಳಿಸುವುದೇ ಫ್ಲ್ಯಾಶಿನ ನಿಜವಾದ ಕೆಲಸ ಎಂದು ನಾನು ತಿಳಿದಿದ್ದೇನೆ. ಫ್ಲ್ಯಾಶ್ ಹಾಕಿ ತೆಗೆದ ಯಾವ ಚಿತ್ರವನ್ನೇ ನೋಡಿದರೂ ಅದರಲ್ಲಿ ಒಂದರ ಮೇಲೊಂದು ಬಿದ್ದ ಎರಡು ಚಿತ್ರಗಳಿರುತ್ತವೆ: ಸುತ್ತಲಿನ ಬೆಳಕು ಬರೆದದ್ದು ಒಂದು, ಫ್ಲ್ಯಾಶ್ ಬರೆದದ್ದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ಕಾಣಲು ಕಣ್ಣಿಗೆ ಅಭ್ಯಾಸ ಮಾಡಿಸಿದ್ದೇ ನನ್ನ ಕಲಿಕೆಯ ಬಹುಪಾಲು.

ಅದಕ್ಕೆ ಮೊದಲು ಉಪಕರಣದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಓದಿಕೊಂಡೆ. ಬ್ಯಾಟರಿಯ ಅಲ್ಪ ವೋಲ್ಟೇಜನ್ನು ಸುಮಾರು 300 ವೋಲ್ಟ್‌ಗಳಿಗೆ ಏರಿಸಿ ಕೆಪಾಸಿಟರಿನಲ್ಲಿ ತುಂಬಿಡಲಾಗುತ್ತದೆ. ಶಟರ್ (ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಬಾಗಿಲು) ತೆರೆದಾಗ ಸಾವಿರಾರು ವೋಲ್ಟ್‌ಗಳ ಒಂದು ಸಣ್ಣ ಪ್ರಚೋದನೆಯು ಗಾಜಿನ ಕೊಳವೆಯಲ್ಲಿರುವ ಕ್ಸೆನಾನ್ ಅನಿಲವನ್ನು ವಾಹಕವನ್ನಾಗಿಸುತ್ತದೆ, ಕೂಡಿಟ್ಟ ವಿದ್ಯುತ್ತೆಲ್ಲ ಅದರ ಮೂಲಕ ಒಮ್ಮೆಲೇ ಹರಿದು ಬೆಳಕಾಗುತ್ತದೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಹೆರಾಲ್ಡ್ ಎಡ್ಗರ್ಟನ್ ಈ ಬಗೆಯ ಬೆಳಕನ್ನು ಛಾಯಾಗ್ರಹಣಕ್ಕೆ ತಂದು, ಹಾಲಿನ ಹನಿ ಸಿಡಿಯುವುದನ್ನೂ ಗುಂಡು ಹಣ್ಣನ್ನು ತೂರಿ ಹೋಗುವುದನ್ನೂ ತೋರಿಸಿದ್ದು ಪ್ರಸಿದ್ಧ. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಬೆಳಕಿನ ಅವಧಿ. ಕ್ಯಾಮೆರಾದ ಮೇಲೆ ಕೂರುವ ಫ್ಲ್ಯಾಶ್ ಪೂರ್ತಿ ಶಕ್ತಿಯಲ್ಲಿ ಬೆಳಗುವುದು 1/1000 ಸೆಕೆಂಡಿನ ಆಸುಪಾಸು ಮಾತ್ರ. ಶಕ್ತಿಯನ್ನು ಕಡಿಮೆ ಮಾಡಿದಷ್ಟೂ ಆ ಹರಿವನ್ನು ನಡುವೆಯೇ ಕತ್ತರಿಸುವುದರಿಂದ ಅವಧಿ ಇನ್ನಷ್ಟು ಕಿರಿದಾಗುತ್ತದೆ. ಶಟರ್ 1/200 ಸೆಕೆಂಡು ತೆರೆದಿರಲಿ, ಅರ್ಧ ಸೆಕೆಂಡು ತೆರೆದಿರಲಿ, ಫ್ಲ್ಯಾಶಿನ ಬೆಳಕು ಅದರೊಳಗೆ ಎಲ್ಲೋ ಒಂದು ಕ್ಷಣ ಬಂದು ಹೋಗಿರುತ್ತದೆ. ಆದ್ದರಿಂದ ಶಟರಿನ ವೇಗ ಫ್ಲ್ಯಾಶಿನ ಚಿತ್ರವನ್ನು ಮುಟ್ಟುವುದಿಲ್ಲ, ಸುತ್ತಲಿನ ಬೆಳಕಿನ ಚಿತ್ರವನ್ನು ಮಾತ್ರ ಬದಲಿಸುತ್ತದೆ. ಅಪರ್ಚರ್ (ಮಸೂರದ ತೆರಪಿನ ಅಗಲ) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎರಡೂ ಚಿತ್ರಗಳನ್ನು ಒಟ್ಟಿಗೆ ಬದಲಿಸುತ್ತವೆ. ಫ್ಲ್ಯಾಶಿನ ಶಕ್ತಿ ಮತ್ತು ಅದರ ದೂರ ಫ್ಲ್ಯಾಶಿನ ಚಿತ್ರವನ್ನಷ್ಟೇ ಬದಲಿಸುತ್ತವೆ. ನಾನು ಮುಂದೆ ಮಾಡಿದ್ದೆಲ್ಲವೂ ಈ ಒಂದು ತಿಳಿವಳಿಕೆಯ ವಿಸ್ತಾರವೇ.

ಮೊದಲ ಅಭ್ಯಾಸಕ್ಕೆ ಮನುಷ್ಯರನ್ನು ಕೂರಿಸಲಿಲ್ಲ. ಮೂಗು, ಕಣ್ಣಿನ ಗುಳಿ, ಗಲ್ಲಗಳು ಸ್ಪಷ್ಟವಾಗಿರುವ ಒಂದು ಗೊಂಬೆಯನ್ನು ಮೇಜಿನ ಮೇಲಿಟ್ಟೆ. ಗೊಂಬೆಗೆ ಬೇಸರವಿಲ್ಲ, ಅದು ಕಣ್ಣು ಮುಚ್ಚುವುದೂ ಇಲ್ಲ. ಕ್ಯಾಮೆರಾವನ್ನೂ ಫ್ಲ್ಯಾಶನ್ನೂ ಕೈಯಾರೆ ಹೊಂದಿಸುವ ಮ್ಯಾನ್ಯುವಲ್‌ನಲ್ಲಿಟ್ಟು, ಫ್ಲ್ಯಾಶ್ ಆರಿಸಿ, ಕೋಣೆಯ ದೀಪಗಳು ಹತ್ತಿದ್ದರೂ ಚಿತ್ರ ಪೂರ್ತಿ ಕಪ್ಪಾಗಿ ಬರುವಂತೆ ಐಎಸ್‌ಒ 100, ಶಟರ್ 1/200, ಅಪರ್ಚರ್ ಎಫ್/8 (ಎಫ್ ಸಂಖ್ಯೆ ದೊಡ್ಡದಾದಷ್ಟೂ ತೆರಪು ಕಿರಿದು) ಇರಿಸಿದೆ. ಸುತ್ತಲಿನ ಬೆಳಕಿನ ಚಿತ್ರ ಖಾಲಿ ಎಂಬುದು ಖಚಿತವಾದ ಮೇಲೆ ಫ್ಲ್ಯಾಶ್ ಹಚ್ಚಿದೆ. ಆಗ ಚಿತ್ರದಲ್ಲಿ ಕಾಣುವುದೆಲ್ಲ ಫ್ಲ್ಯಾಶಿನದೇ. ನೆರಳು ಎಲ್ಲಿ ಬಿತ್ತು, ಎಷ್ಟು ಗಾಢವಾಗಿ ಬಿತ್ತು, ಹಿನ್ನೆಲೆ ಎಷ್ಟು ಮಂಕಾಯಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಸ್ವಯಂಚಾಲಿತ ವಿಧಾನವನ್ನು ಆರಂಭದಲ್ಲಿ ದೂರವಿಟ್ಟದ್ದೂ ಇದಕ್ಕಾಗಿಯೇ. ನಾವು ಒಂದನ್ನು ಬದಲಿಸಿದಾಗ ಯಂತ್ರ ಇನ್ನೊಂದನ್ನು ಬದಲಿಸಿ ಸರಿದೂಗಿಸಿದರೆ, ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಫ್ಲ್ಯಾಶಿನ ಶಕ್ತಿಯನ್ನು ಸೂಚಿಸುವ ಗೈಡ್ ನಂಬರ್ ಎಂಬುದು ಹಳೆಯ ಕಾಲದ ಲೆಕ್ಕ ಎಂದು ಹಲವರು ಅದನ್ನು ಬಿಟ್ಟುಬಿಡುತ್ತಾರೆ; ನನಗಂತೂ ಅದು ತುಂಬಾ ಉಪಕಾರ ಮಾಡಿದೆ. ದೂರವನ್ನು ಎಫ್ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಗೈಡ್ ನಂಬರ್. ಐಎಸ್‌ಒ 100ರಲ್ಲಿ, ಮೀಟರ್ ಲೆಕ್ಕದಲ್ಲಿ, ಫ್ಲ್ಯಾಶಿನ ಗೈಡ್ ನಂಬರ್ 40 ಆಗಿದ್ದರೆ ಎಫ್/8ರಲ್ಲಿ 5 ಮೀಟರ್, ಎಫ್/4ರಲ್ಲಿ 10 ಮೀಟರ್ ದೂರದ ವಸ್ತು ಸರಿಯಾಗಿ ಬೆಳಗುತ್ತದೆ. ಶಕ್ತಿಯನ್ನು ಕಾಲುಭಾಗಕ್ಕೆ ಇಳಿಸಿದರೆ ಈ ಸಂಖ್ಯೆ ಅರ್ಧವಾಗುತ್ತದೆ: 1/4 ಶಕ್ತಿಯಲ್ಲಿ 20, 1/16ರಲ್ಲಿ 10, 1/64ರಲ್ಲಿ 5. ಎರಡೂವರೆ ಮೀಟರ್ ದೂರದವರನ್ನು ಎಫ್/4ರಲ್ಲಿ ತೆಗೆಯಲು ಬೇಕಾದದ್ದು 10, ಎಂದರೆ 1/16 ಶಕ್ತಿ. ಈ ಬಾಯಿಲೆಕ್ಕ ರೂಢಿಯಾದ ಮೇಲೆ ಮೊದಲ ಚಿತ್ರವೇ ಬಹುಮಟ್ಟಿಗೆ ಸರಿಯಾಗಿ ಬರತೊಡಗಿತು. ಒಂದು ಎಚ್ಚರಿಕೆ ಬೇಕು: ತಯಾರಕರು ಪೆಟ್ಟಿಗೆಯ ಮೇಲೆ ಮುದ್ರಿಸುವ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಫ್ಲ್ಯಾಶಿನ ತಲೆಯನ್ನು 105 ಅಥವಾ 200 ಮಿಲಿಮೀಟರ್‌ಗೆ ಜೂಮ್ ಮಾಡಿ ಬೆಳಕನ್ನು ಕಿರಿದಾಗಿ ಕೂಡಿಸಿದಾಗ ಸಿಗುವಂಥದ್ದು. ಬೆಳಕು ಅಗಲವಾಗಿ ಹರಡುವ 35 ಮಿಲಿಮೀಟರ್‌ನಲ್ಲಿ ಅದು ಬಹಳ ಕಡಿಮೆಯಿರುತ್ತದೆ.

ದೂರದ ಪರಿಣಾಮವನ್ನು ಲೆಕ್ಕದಲ್ಲಿ ತಿಳಿಯುವುದು ಬೇರೆ, ಚಿತ್ರದಲ್ಲಿ ಕಾಣುವುದು ಬೇರೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಎಂಬ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಗೊಂಬೆಯ ಹಿಂದೆ ಎರಡು ಮೀಟರ್ ಅಂತರದಲ್ಲಿ ಬಿಳಿ ಗೋಡೆಯಿತ್ತು. ಫ್ಲ್ಯಾಶನ್ನು ಗೊಂಬೆಯಿಂದ ಒಂದು ಮೀಟರ್ ದೂರದಲ್ಲಿಟ್ಟಾಗ ಗೋಡೆಗೆ ಮೂರು ಮೀಟರ್. ಅಲ್ಲಿಗೆ ತಲುಪುವುದು ಒಂಬತ್ತನೆಯ ಒಂದು ಪಾಲು ಬೆಳಕು, ಆದ್ದರಿಂದ ಬಿಳಿ ಗೋಡೆ ಗಾಢ ಬೂದು ಬಣ್ಣಕ್ಕಿಳಿಯಿತು. ಫ್ಲ್ಯಾಶನ್ನು ಗೊಂಬೆಯಿಂದ ನಾಲ್ಕು ಮೀಟರ್ ದೂರಕ್ಕೆ ಒಯ್ದು, ಗೊಂಬೆ ಮೊದಲಿನಷ್ಟೇ ಬೆಳಗುವಂತೆ ಶಕ್ತಿ ಏರಿಸಿದಾಗ, ಗೋಡೆಗೆ ಆರು ಮೀಟರ್; ಗೊಂಬೆಗೆ ಬಿದ್ದ ಬೆಳಕಿನ ಅರ್ಧಕ್ಕಿಂತ ತುಸು ಕಡಿಮೆ ಬೆಳಕು ಗೋಡೆಗೂ ಸಿಕ್ಕಿ ಅದು ತಿಳಿ ಬೂದಾಗಿ ಕಂಡಿತು. ಗೋಡೆ ಅದೇ, ಗೊಂಬೆಯೂ ಇದ್ದಲ್ಲೇ ಇದೆ, ಹಿನ್ನೆಲೆ ಮಾತ್ರ ಬೇರೆ. ಹಿನ್ನೆಲೆಯ ಬಟ್ಟೆಯನ್ನು ಬದಲಿಸುವ ಮೊದಲು ಫ್ಲ್ಯಾಶನ್ನು ಹಿಂದೆ ಮುಂದೆ ಸರಿಸಿ ನೋಡುವ ಅಭ್ಯಾಸ ನನಗೆ ಬಂದದ್ದು ಇಲ್ಲಿಂದ. ಗುಂಪಿನ ಚಿತ್ರಗಳಲ್ಲಿ ಮುಂದಿನ ಸಾಲಿನವರು ಬಿಳಿಚಿ ಹಿಂದಿನ ಸಾಲಿನವರು ಮಂಕಾಗುವುದಕ್ಕೂ ಇದೇ ಕಾರಣ; ಫ್ಲ್ಯಾಶ್ ದೂರವಿದ್ದಷ್ಟೂ, ಎತ್ತರದಲ್ಲಿದ್ದಷ್ಟೂ ಸಾಲುಗಳ ನಡುವಿನ ವ್ಯತ್ಯಾಸ ಕುಗ್ಗುತ್ತದೆ.

ದಿಕ್ಕು ಮತ್ತು ಗಾತ್ರಗಳ ವಿಷಯದಲ್ಲಿ ನಾನು ಹೆಚ್ಚು ಸಮಯ ಕಳೆದಿದ್ದೇನೆ, ಕಳೆಯಬೇಕಾದದ್ದೂ ಅಲ್ಲಿಯೇ ಎಂದು ನಂಬಿದ್ದೇನೆ. ಮಸೂರದ ಪಕ್ಕದಿಂದಲೇ ಬರುವ ಬೆಳಕು ನೆರಳನ್ನು ವಸ್ತುವಿನ ಹಿಂದೆ ಅಡಗಿಸಿ ಮುಖವನ್ನು ಚಪ್ಪಟೆ ಮಾಡುತ್ತದೆ. ಫ್ಲ್ಯಾಶಿಗೆ ಬಂದಿರುವ ಕೆಟ್ಟ ಹೆಸರಿಗೆ ಮೂಲ ಅದರ ಜಾಗವೇ ಹೊರತು ಅದರ ಬೆಳಕಲ್ಲ. ಬೆಳಕು ಮೃದುವೋ ಕಠಿಣವೋ ಎಂಬುದನ್ನು ತೀರ್ಮಾನಿಸುವುದು ವಸ್ತುವಿನ ಕಡೆಯಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಒಂದೇ ಸಂಗತಿ. ಹೀಗಾಗಿ ಫ್ಲ್ಯಾಶಿನ ತಲೆಗೆ ಸಿಕ್ಕಿಸುವ ಚಿಕ್ಕ ಪ್ಲಾಸ್ಟಿಕ್ ಡಿಫ್ಯೂಸರ್ ಬಯಲಿನಲ್ಲಿ ಏನನ್ನೂ ಮೃದುಗೊಳಿಸುವುದಿಲ್ಲ, ಬೆಳಕನ್ನು ಸುಮ್ಮನೆ ಪೋಲು ಮಾಡುತ್ತದೆ. ಕೋಣೆಯೊಳಗಾದರೆ ಅದು ಚೆಲ್ಲಿದ ಬೆಳಕು ಗೋಡೆ ಚಾವಣಿಗಳಿಗೆ ತಾಗಿ ಹಿಂದಿರುಗುವುದರಿಂದ ಉಪಯೋಗಕ್ಕೆ ಬರುತ್ತದೆ. ಅರುವತ್ತು ಸೆಂಟಿಮೀಟರ್ ಅಗಲದ ಸಾಫ್ಟ್‌ಬಾಕ್ಸ್ (ಬೆಳಕನ್ನು ಹರಡುವ ಬಟ್ಟೆಯ ಪೆಟ್ಟಿಗೆ) ಮುಖದಿಂದ ಅಷ್ಟೇ ದೂರದಲ್ಲಿದ್ದರೆ ನೆರಳಿನ ಅಂಚು ಕರಗುತ್ತದೆ, ಮೂರು ಮೀಟರ್ ದೂರಕ್ಕೆ ಹೋದರೆ ಅದೇ ಸಾಫ್ಟ್‌ಬಾಕ್ಸಿನಿಂದ ಗಡುಸಾದ ನೆರಳು ಬೀಳುತ್ತದೆ.

ನಾನು ಹೆಚ್ಚಾಗಿ ಬಳಸುವುದು ಬೌನ್ಸ್. ಫ್ಲ್ಯಾಶಿನ ತಲೆಯನ್ನು ತಿರುಗಿಸಿ ಚಾವಣಿಗೋ ಪಕ್ಕದ ಗೋಡೆಗೋ ಬೆಳಕು ಹಾಯಿಸಿದರೆ ಆ ಗೋಡೆಯೇ ದೊಡ್ಡ ದೀಪವಾಗುತ್ತದೆ. ಎದುರಿಗಿರುವವರ ನೆತ್ತಿಯ ನೇರದ ಚಾವಣಿಗೆ ಹಾಯಿಸಿದರೆ ಕಣ್ಣಿನ ಗುಳಿಗಳಲ್ಲಿ ನೆರಳು ತುಂಬಿಕೊಳ್ಳುತ್ತದೆ. ಆದ್ದರಿಂದ ತಲೆಯನ್ನು ನನ್ನ ಹೆಗಲಿನ ಮೇಲಿಂದ ಹಿಂದಕ್ಕೆ, ಒಂದು ಪಕ್ಕಕ್ಕೆ ವಾಲಿಸುತ್ತೇನೆ. ಬೆಳಕು ಆಗ ಓರೆಯಾಗಿ, ಕಿಟಕಿಯಿಂದ ಬಂದಂತೆ ಮುಖದ ಮೇಲೆ ಬೀಳುತ್ತದೆ. ಬೆಳಕು ಹೋಗಿ ಬರುವ ದಾರಿ ಉದ್ದವಾಗುವುದರಿಂದಲೂ ಗೋಡೆ ಒಂದಷ್ಟನ್ನು ಹೀರುವುದರಿಂದಲೂ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು) ಅಥವಾ ಅದಕ್ಕಿಂತ ಹೆಚ್ಚು ಬೆಳಕು ಖರ್ಚಾಗುತ್ತದೆ. ಐಎಸ್‌ಒವನ್ನು 400ಕ್ಕೆ ಏರಿಸಿದರೆ ಗೈಡ್ ನಂಬರ್ ಇಮ್ಮಡಿಯಾಗಿ ಆ ನಷ್ಟ ತುಂಬುತ್ತದೆ. ಬಣ್ಣದ ಗೋಡೆಗೆ ಬೌನ್ಸ್ ಮಾಡಿದರೆ ಆ ಬಣ್ಣ ಮುಖಕ್ಕೂ ಬರುತ್ತದೆ, ಹಸಿರು ಗೋಡೆಯಿಂದ ಬಂದದ್ದನ್ನು ಸರಿಪಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ಕನ್ನಡಕ ಧರಿಸಿದವರ ಮುಂದೆ ಮಾತ್ರ ಚೂರು ರೇಖಾಗಣಿತ ಬೇಕಾಗುತ್ತದೆ: ಗಾಜಿಗೆ ತಾಗಿದ ಕೋನದಲ್ಲಿಯೇ ಬೆಳಕು ಪುಟಿಯುವುದರಿಂದ, ಫ್ಲ್ಯಾಶನ್ನು ಇನ್ನಷ್ಟು ಮೇಲಕ್ಕೆ ಅಥವಾ ಬದಿಗೆ ಒಯ್ದರೆ ಪ್ರತಿಫಲನ ಕ್ಯಾಮೆರಾವನ್ನು ತಪ್ಪಿಸಿ ಹೋಗುತ್ತದೆ.

ಇಷ್ಟಾದ ಮೇಲೆ ಕಿಟಕಿಯ ಚಿತ್ರಕ್ಕೆ ಕೈ ಹಾಕಿದೆ. ಮೊದಲು ಫ್ಲ್ಯಾಶ್ ಇಲ್ಲದೆ ಆಕಾಶವೊಂದನ್ನೇ ನೋಡಿ, ಮೋಡದ ದಿನ ಐಎಸ್‌ಒ 100ರಲ್ಲಿ 1/200, ಎಫ್/5.6 ಎಂದು ನಿಗದಿ ಮಾಡಿದೆ. ಮುಖ ಕಪ್ಪಾಗಿ ಬಂದರೆ ಬರಲಿ. ಅದು ಎರಡನೆಯ ಚಿತ್ರದ ಪಾಲು. ಬಳಿಕ ಪಕ್ಕದ ಗೋಡೆಗೆ ಫ್ಲ್ಯಾಶ್ ಹಾಯಿಸಿ, ಮುಖ ಆಕಾಶಕ್ಕಿಂತ ಒಂದು ಹಿಡಿ ಮಂಕಾಗಿರುವವರೆಗೆ ಮಾತ್ರ ಶಕ್ತಿ ಏರಿಸಿದೆ. ಮುಖವೂ ಹೊರಗಿನಷ್ಟೇ ಬೆಳಗಿದರೆ ಅಂಟಿಸಿದ ಚಿತ್ರದಂತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಆಕಾಶ ಇನ್ನಷ್ಟು ಗಾಢವಾಗಬೇಕೆನಿಸಿದಾಗ ಅಪರ್ಚರ್ ಕಿರಿದು ಮಾಡಿ ಫ್ಲ್ಯಾಶಿನ ಶಕ್ತಿಯನ್ನು ಅಷ್ಟೇ ಹೆಚ್ಚಿಸಬೇಕಾಯಿತು, ಏಕೆಂದರೆ ಶಟರ್ ವೇಗವನ್ನು ಇನ್ನು ಏರಿಸುವಂತಿರಲಿಲ್ಲ.

ಹಾಗೇಕೆ ಎಂಬುದು ಶಟರಿನ ರಚನೆಯಲ್ಲಿದೆ. ಮಸೂರ ಬದಲಿಸಬಹುದಾದ ಬಹುತೇಕ ಕ್ಯಾಮೆರಾಗಳಲ್ಲಿ ಶಟರ್ ಎಂದರೆ ಎರಡು ಪರದೆಗಳು: ಮೊದಲನೆಯದು ಸರಿದು ಚಿತ್ರ ಹಿಡಿಯುವ ಸೆನ್ಸರನ್ನು ತೆರೆಯುತ್ತದೆ, ಎರಡನೆಯದು ಹಿಂಬಾಲಿಸಿ ಮುಚ್ಚುತ್ತದೆ. 1/200 ಅಥವಾ 1/250ರವರೆಗೆ ಇಡೀ ಸೆನ್ಸರ್ ತೆರೆದಿರುವ ಒಂದು ಕ್ಷಣ ಸಿಗುತ್ತದೆ. ಅದಕ್ಕಿಂತ ವೇಗ ಹೆಚ್ಚಿದರೆ ಮೊದಲ ಪರದೆ ಕೊನೆ ಮುಟ್ಟುವ ಮೊದಲೇ ಎರಡನೆಯದು ಹೊರಟಿರುತ್ತದೆ, ಫ್ಲ್ಯಾಶಿನ ಬೆಳಕು ನಡುವಿನ ಸೀಳಿಗೆ ಮಾತ್ರ ಬಿದ್ದು ಚಿತ್ರದ ಒಂದು ಭಾಗ ಕಪ್ಪು ಪಟ್ಟಿಯಾಗುತ್ತದೆ. ಹೈ ಸ್ಪೀಡ್ ಸಿಂಕ್ ಈ ಮಿತಿಯನ್ನು ದಾಟಿಸುತ್ತದೆ. ಅದರಲ್ಲಿ ಫ್ಲ್ಯಾಶ್ ಒಂದೇ ಮಿಂಚಿನ ಬದಲು ಬಹಳ ವೇಗದ ಮಿಣುಕುಗಳ ಸರಣಿಯಾಗಿ, ಸೀಳು ಹಾದುಹೋಗುವಷ್ಟು ಹೊತ್ತೂ ಬೆಳಗುತ್ತದೆ. ಬಿಸಿಲಿನಲ್ಲಿ ಐಎಸ್‌ಒ 100, 1/200ಕ್ಕೆ ಎಫ್/11 ಬೇಕಾಗುತ್ತದೆ. ಹಿನ್ನೆಲೆ ಮಸುಕಾಗಲಿ ಎಂದು ಎಫ್/2.8 ಬಳಸಹೊರಟರೆ ಶಟರನ್ನು 1/3200ಕ್ಕೆ ಒಯ್ಯಬೇಕು. ಹೈ ಸ್ಪೀಡ್ ಸಿಂಕ್ ಅದಕ್ಕೆ ಅವಕಾಶ ಕೊಡುತ್ತದೆಯಾದರೂ ಶಕ್ತಿ ಬಹಳಷ್ಟು ಕುಗ್ಗುವುದರಿಂದ ಫ್ಲ್ಯಾಶ್ ತೀರ ಹತ್ತಿರವಿರಬೇಕಾಗುತ್ತದೆ. ಇಂಥಲ್ಲಿ ನಾನು ಮಸೂರದ ಮುಂದೆ ಹಾಕುವ ಬೂದು ಗಾಜಾದ ಎನ್‌ಡಿ ಫಿಲ್ಟರನ್ನೂ ಬಳಸಿ ನೋಡಿದ್ದೇನೆ. ಅದು ಎರಡೂ ಬೆಳಕನ್ನು ಸಮನಾಗಿ ಇಳಿಸುತ್ತದೆ, ಮಬ್ಬಾದ ವ್ಯೂಫೈಂಡರಿನಲ್ಲಿ ಫೋಕಸ್ ಮಾಡುವುದು ತ್ರಾಸದ ಕೆಲಸ.

ಬಣ್ಣದ ಮಾತು ಬೇಗ ಮುಗಿಯುತ್ತದೆ. ಫ್ಲ್ಯಾಶಿನ ಬೆಳಕಿನ ಬಣ್ಣದ ಅಳತೆ ಸುಮಾರು 5500 ಕೆಲ್ವಿನ್, ಹಗಲಿನ ಬೆಳಕಿಗೆ ಹತ್ತಿರ. ಹಳದಿ ಬಲ್ಬುಗಳ ಬೆಳಕು 3000 ಕೆಲ್ವಿನ್ನಿನ ಆಸುಪಾಸು. ಎರಡೂ ಬೆರೆತಾಗ ಮುಖ ನೀಲಿಯಾಗಿಯೋ ಹಿನ್ನೆಲೆ ಕಿತ್ತಳೆಯಾಗಿಯೋ ಕಾಣುವುದನ್ನು ಕ್ಯಾಮೆರಾದ ಬಣ್ಣದ ಹೊಂದಾಣಿಕೆಯಾದ ವೈಟ್ ಬ್ಯಾಲೆನ್ಸ್ ಒಂದರಿಂದಲೇ ತಿದ್ದಲು ಬರುವುದಿಲ್ಲ. ಫ್ಲ್ಯಾಶಿಗೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ, ಅಂದರೆ ಜೆಲ್, ಅಂಟಿಸಿ, ಕ್ಯಾಮೆರಾವನ್ನು ಬಲ್ಬಿನ ಬೆಳಕಿಗೆ ಹೊಂದಿಸಿದರೆ ಎರಡೂ ಒಂದಾಗುತ್ತವೆ.

ಮಸೂರದ ಮೂಲಕ ಬೆಳಕನ್ನು ಅಳೆಯುವ ಸ್ವಯಂಚಾಲಿತ ಟಿಟಿಎಲ್ ವಿಧಾನಕ್ಕೆ ನಾನು ಬಂದದ್ದು ಕೊನೆಗೆ. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಮೊದಲು ಒಂದು ಸಣ್ಣ ಪೂರ್ವಮಿಂಚನ್ನು ಹೊಡೆಯುತ್ತದೆ, ಮಸೂರದ ಮೂಲಕ ಮರಳಿ ಬಂದ ಬೆಳಕನ್ನು ಕ್ಯಾಮೆರಾ ಅಳೆಯುತ್ತದೆ, ಆಮೇಲೆ ನಿಜವಾದ ಮಿಂಚು ಬರುತ್ತದೆ. ದೂರ ಕ್ಷಣಕ್ಷಣಕ್ಕೂ ಬದಲಾಗುವಲ್ಲಿ, ಜನ ಓಡಾಡುವ ಸಭೆ ಸಮಾರಂಭಗಳಲ್ಲಿ, ಇದಕ್ಕೆ ಸಾಟಿಯಿಲ್ಲ. ಆದರೆ ಬಿಳಿ ಉಡುಪು ಚೌಕಟ್ಟನ್ನು ತುಂಬಿದರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಬಗೆದು ಇಳಿಸುತ್ತದೆ, ಕಪ್ಪು ಉಡುಪಿಗೆ ಏರಿಸುತ್ತದೆ. ಫ್ಲ್ಯಾಶಿನ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಫ್ಲ್ಯಾಶ್ ಕಾಂಪೆನ್ಸೇಶನ್ನಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೆಲಸ ಮಾಡಬೇಕು. ಕುಳಿತವರ ಭಾವಚಿತ್ರಕ್ಕೆ ನಾನು ಇಂದಿಗೂ ಮ್ಯಾನ್ಯುವಲನ್ನೇ ಬಳಸುತ್ತೇನೆ. ಬ್ಯಾಟರಿಗಳಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಬಗೆಯವು ಆಲ್ಕಲೈನ್‌ಗಿಂತ ಬೇಗ ಕೆಪಾಸಿಟರನ್ನು ತುಂಬುತ್ತವೆ. ಹಲವು ಫ್ಲ್ಯಾಶ್‌ಗಳಲ್ಲಿ ಸಿದ್ಧತೆಯ ದೀಪ ಪೂರ್ತಿ ತುಂಬುವ ಮೊದಲೇ ಹತ್ತುವುದರಿಂದ ಇನ್ನೊಂದು ಕ್ಷಣ ಕಾಯುವುದು ಮೇಲು. ಕೆಟ್ಟ ಫ್ಲ್ಯಾಶನ್ನು ಬಿಚ್ಚಿ ನೋಡುವ ಉತ್ಸಾಹ ಮಾತ್ರ ಯಾರಿಗೂ ಬೇಡ. ಬ್ಯಾಟರಿ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಅಪಾಯಕಾರಿಯಾದಷ್ಟು ವಿದ್ಯುತ್ ಉಳಿದಿರುತ್ತದೆ.

ಇತ್ತೀಚೆಗೆ ನನ್ನನ್ನು ಹಿಡಿದಿಟ್ಟಿರುವುದು ನಿಧಾನ ಶಟರ್ ಮತ್ತು ಫ್ಲ್ಯಾಶಿನ ಜೋಡಿ. ಸಂಜೆಯ ಬೆಳಕಿನಲ್ಲಿ 1/15 ಸೆಕೆಂಡು ಇಟ್ಟರೆ ಚಲಿಸುವ ಸೈಕಲ್ ಸುತ್ತಲಿನ ಬೆಳಕಿನ ಚಿತ್ರದಲ್ಲಿ ಗೆರೆಯಾಗಿ ಹರಿಯುತ್ತದೆ, ಫ್ಲ್ಯಾಶಿನ ಚಿತ್ರದಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಸಾಮಾನ್ಯ ಹೊಂದಾಣಿಕೆಯಲ್ಲಿ ಫ್ಲ್ಯಾಶ್ ಶಟರ್ ತೆರೆದ ಕೂಡಲೇ ಮಿಂಚುವುದರಿಂದ ಗೆರೆಗಳು ಸೈಕಲ್ಲಿನ ಮುಂದೆ ಬೀಳುತ್ತವೆ, ಸವಾರ ಹಿಮ್ಮುಖವಾಗಿ ಹೋಗುತ್ತಿರುವಂತೆ ತೋರುತ್ತದೆ. ಎರಡನೆಯ ಪರದೆ ಮುಚ್ಚುವ ಮುನ್ನ ಮಿಂಚುವ ರಿಯರ್ ಕರ್ಟನ್ ಸಿಂಕ್ ಆಯ್ದುಕೊಂಡರೆ ಗೆರೆಗಳು ಹಿಂದಕ್ಕೆ ಸರಿಯುತ್ತವೆ. ನಿಂತವರ ಚಿತ್ರಕ್ಕೆ ಇದನ್ನು ಬಳಸುವಾಗ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಟಿಟಿಎಲ್‌ನ ಪೂರ್ವಮಿಂಚು ಆರಂಭದಲ್ಲಿಯೇ ಹೊಳೆಯುವುದರಿಂದ ಚಿತ್ರ ಮುಗಿಯಿತೆಂದು ಅವರು ಅಲುಗಾಡಿಬಿಡುತ್ತಾರೆ, ಆದ್ದರಿಂದ ಎರಡನೆಯ ಮಿಂಚು ಕಾಣುವವರೆಗೆ ನಿಂತಲ್ಲೇ ನಿಂತಿರಬೇಕು.