ಫ್ಲಾರೆನ್ಸ್‌ನ ಹಳೇ ತೋಟಗಳು: ಹುಬ್ಬಳ್ಳಿ-ಧಾರವಾಡದಿಂದ ಹೊರಡುವವರಿಗೆ

ಯುರೋಪಿನಲ್ಲಿ ನೌಕರಿಯಲ್ಲಿರುವ ಮಗ-ಸೊಸೆ, ಮಗಳು-ಅಳಿಯನನ್ನು ನೋಡಲು ಹೋಗಿ, ಹಾಗೇ ನಾಲ್ಕು ದಿನ ಇಟಲಿ ಸುತ್ತಿ ಬರುವ ಹಿರಿಯರು ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಓಣಿಗೊಬ್ಬರು ಸಿಗುತ್ತಾರೆ. ಅವರ ಫ್ಲಾರೆನ್ಸ್ ಪಟ್ಟಿಯಲ್ಲಿ ಚರ್ಚು, ಮ್ಯೂಸಿಯಂಗಳಿಗೆ ಎರಡು ದಿನ. ತೋಟಗಳಿಗೆ ಉಳಿದ ಎರಡು ತಾಸು. ಆ ಎರಡು ತಾಸು ಬೀಳುವುದು ಸಾಮಾನ್ಯವಾಗಿ ಊಟವಾದ ಮೇಲೆ, ನಡು ಬಿಸಿಲಿನಲ್ಲಿ. ಗೇಟಿಗೆ ಹೋದರೆ ಅವತ್ತು ತಿಂಗಳ ಕೊನೆಯ ಸೋಮವಾರ, ಬೀಗ. ತೆರೆದಿದ್ದರೂ ಒಳಗೆಲ್ಲ ಏರು, ಕಾಲ ಕೆಳಗೆ ಸಣ್ಣ ಖಡಿ, ಹೂವು ಹುಡುಕಿದರೂ ಇಲ್ಲ. ಈ ತಾಪತ್ರಯಗಳನ್ನೆಲ್ಲ ಮನೆಯಲ್ಲೇ ಕೂತು ತಪ್ಪಿಸಬಹುದು. ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಿ, ಏರು ನೋಡಿ ಗೇಟು ಗೊತ್ತು ಮಾಡಿ.

ಹೂವಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ 16ನೇ ಶತಮಾನದ ಇಟಲಿಯ ತೋಟ ಬೋಳಾಗಿ ಕಾಣುತ್ತದೆ. ಅದನ್ನು ಕಟ್ಟಿದ್ದೇ ಕಲ್ಲು, ನೀರು, ಇಳಿಜಾರು ಮತ್ತು ವರ್ಷವಿಡೀ ಹಸಿರಾಗಿರುವ ಗಿಡಗಳಿಂದ. ಬಾಕ್ಸ್‌ವುಡ್, ಲಾರೆಲ್ ಗಿಡಗಳನ್ನು ಗೋಡೆಯಂತೆ ಕತ್ತರಿಸಿ ಕೋಣೆ, ಓಣಿ ಮಾಡಿದ್ದಾರೆ. ಗುಡ್ಡದ ಮೇಲೆ ಕೂಡಿಟ್ಟ ನೀರು ತನ್ನ ಭಾರಕ್ಕೇ ಇಳಿದು ಕೆಳಗಿನ ಕಾರಂಜಿಯಲ್ಲಿ ಚಿಮ್ಮುತ್ತದೆ. ಪಂಪು ಇಲ್ಲದ ಕಾಲದಲ್ಲಿ ಕಾರಂಜಿ ಬೇಕೆಂದರೆ ಎತ್ತರ ಬೇಕೇ ಬೇಕಿತ್ತು. ಅದಕ್ಕೇ ಇಲ್ಲಿನ ಒಳ್ಳೆಯ ತೋಟಗಳೆಲ್ಲ ಗುಡ್ಡದ ಮೈಮೇಲೆ ಇವೆ, ಅದಕ್ಕೇ ಮೊಣಕಾಲಿನ ಚಿಂತೆ.

ಯಾವ ತಿಂಗಳು, ಯಾವ ವಾರ

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಏಪ್ರಿಲ್ ನಡುವಿನಿಂದ ಮೇ 20ರೊಳಗೆ ಹೋಗಿ. ಬಾರ್ದಿನಿ ತೋಟದ ವಿಸ್ಟೀರಿಯಾ ಬಳ್ಳಿ ಏಪ್ರಿಲ್‌ನಲ್ಲಿ ಸುಮಾರು ಎರಡು ವಾರ ಹೂ ಬಿಡುತ್ತದೆ, ಅಷ್ಟೇ. ಐರಿಸ್ ಹೂವಿನ ತೋಟದ ಬಾಗಿಲು ತೆರೆಯುವುದೇ ಏಪ್ರಿಲ್ ಕೊನೆಯಿಂದ ಮೇ 20ರ ಆಸುಪಾಸಿನವರೆಗೆ. ಗುಲಾಬಿಗೆ ಮೇ ತಿಂಗಳು. ಜುಲೈ-ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುತ್ತದೆ. ನಮಗೆ ಬಿಸಿಲು ಹೊಸದಲ್ಲ ಎಂದು ಹೊರಡುವವರು ಒಂದು ಮಾತು ನೆನಪಿಡಿ: ಅಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ 9ರ ಹೊತ್ತಿಗೆ, ಸಂಜೆ 6ಕ್ಕೂ ಮೈ ಸುಡುತ್ತದೆ. ಮೇಲಾಗಿ ಪಟ್ಟೆಕಾಲಿನ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಓಡೋಮಾಸ್ ಚೀಲದಲ್ಲಿರಲಿ. ಪಿತ್ತಿ ಅರಮನೆಯ ಹಿಂದಿನ ದೊಡ್ಡ ತೋಟ ಬೊಬೊಲಿ ಚಳಿಗಾಲದಲ್ಲಿ ಸಂಜೆ 4:30ಕ್ಕೇ ಮುಚ್ಚುತ್ತದೆ, ಒಳಗೆ ಬಿಡುವುದು ಅದಕ್ಕಿಂತ ಒಂದು ತಾಸು ಮೊದಲಿನವರೆಗೆ ಮಾತ್ರ.

ಬೊಬೊಲಿ, ಬಾರ್ದಿನಿ ಎರಡಕ್ಕೂ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ ರಜೆ. ತಿಂಗಳ ಮೊದಲ ಭಾನುವಾರ ಬೊಬೊಲಿಗೆ ಪುಕ್ಕಟೆ ಪ್ರವೇಶ, ಹಾಗಾಗಿ ವಿಪರೀತ ಗದ್ದಲ. ದುಡ್ಡು ಉಳಿಸುವ ಆಸೆಗೆ ಆ ದಿನ ಆರಿಸಿಕೊಳ್ಳಬೇಡಿ. ಜೋರು ಗಾಳಿ-ಮಳೆಯ ಎಚ್ಚರಿಕೆ ಬಂದರೆ ಹಳೇ ಮರ ಬೀಳುವ ಭಯಕ್ಕೆ ತೋಟವನ್ನೇ ಮುಚ್ಚುತ್ತಾರೆ. ಆದ್ದರಿಂದ ತೋಟದ ದಿನವನ್ನು ಪ್ರವಾಸದ ಕೊನೆಗೆ ಇಡದೆ ನಡುವೆ ಇಡಿ.

ಬೊಬೊಲಿ: ಮೂರು ತಾಸು, ಒಂದೇ ದಿಕ್ಕು

1549ರಲ್ಲಿ ಫ್ಲಾರೆನ್ಸ್‌ನ ದೊರೆ ಕೋಸಿಮೊನ ಹೆಂಡತಿ, ಟೊಲೆಡೊದ ಎಲೆಯೊನೊರಾ, ಪಿತ್ತಿ ಅರಮನೆಯನ್ನು ಕೊಂಡಳು. ಅದರ ಹಿಂದಿನ ಗುಡ್ಡಕ್ಕೆ ತೋಟದ ನಕಾಶೆ ಹಾಕಿದ ತ್ರಿಬೊಲೊ ಮರುವರ್ಷವೇ ತೀರಿಕೊಂಡ. ಅಮ್ಮನ್ನಾತಿ, ಬುವೊಂತಾಲೆಂತಿ ಎಂಬ ವಾಸ್ತುಶಿಲ್ಪಿಗಳು ಮುಂದುವರಿಸಿದರು. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1766ರಲ್ಲಿ. 2013ರಿಂದ ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಟಿಕೆಟ್ 10 ಯೂರೋ ಆಸುಪಾಸು. ಬೊಬೊಲಿಯೂ ಉಫಿತ್ಸಿ ಗ್ಯಾಲರಿಯ ಆಡಳಿತಕ್ಕೇ ಸೇರಿದೆ, ಅವರ ಅಧಿಕೃತ ಜಾಲತಾಣದಲ್ಲೇ ಕೊಳ್ಳಿ. ಅದೇ ಹೆಸರನ್ನು ಹೋಲುವ ಮರುಮಾರಾಟದ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ, ಹೆಚ್ಚು ದುಡ್ಡು ಕೀಳುತ್ತವೆ. 18 ವರ್ಷದೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಉಚಿತ, ಆದರೆ ಸೊನ್ನೆ ರೂಪಾಯಿಯ ಟಿಕೆಟ್ ಪಡೆಯಲೇಬೇಕು, ಪಾಸ್‌ಪೋರ್ಟ್ ತೋರಿಸಬೇಕು. ನಮ್ಮ ಹಿರಿಯ ನಾಗರಿಕರ ಕಾರ್ಡಿಗೆ ಅಲ್ಲಿ ರಿಯಾಯಿತಿ ಇಲ್ಲ.

ಬೆಳಗ್ಗೆ 8:15ಕ್ಕೆ ತೆರೆಯುತ್ತದೆ, ಆ ಹೊತ್ತಿಗೇ ಪಿತ್ತಿ ಅರಮನೆಯ ಗೇಟಿನಲ್ಲಿರಿ. ಶೌಚಾಲಯಕ್ಕೆ ಅರಮನೆಯಲ್ಲೇ ಹೋಗಿ ಬನ್ನಿ. ನೀರಿನ ಬಾಟಲಿ ತುಂಬಿಕೊಳ್ಳಿ. ಕಾರಂಜಿಯ ಮೇಲೆ ‘ನಾನ್ ಪೊತಾಬಿಲೆ’ ಎಂದು ಬರೆದಿದ್ದರೆ ಆ ನೀರು ಕುಡಿಯಲು ಬಾರದು. ಟಿಕೆಟ್ ನೋಡುವವರನ್ನು ಒಂದು ಮಾತು ಕೇಳಿ: “ಒಜ್ಜಿ ಪೋರ್ತಾ ರೊಮಾನಾ ಎ ಅಪೆರ್ತಾ?” ಇವತ್ತು ಪೋರ್ತಾ ರೊಮಾನಾ ಗೇಟು ತೆರೆದಿದೆಯೇ ಎಂದು. ಇಡೀ ದಾರಿ ಇದರ ಮೇಲೆ ನಿಂತಿದೆ.

ಒಳಗೆ ಬಂದವರು ಎದುರಿಗೆ ಕಾಣುವ ಏರಿಗೇ ಹೊರಡುತ್ತಾರೆ. ನೀವು ಮೊದಲು ಎಡಕ್ಕೆ ಹೋಗಿ. ಅಲ್ಲಿ ಆಮೆಯ ಮೇಲೆ ಕೂತ ಬೆತ್ತಲೆ ಡೊಳ್ಳು ಹೊಟ್ಟೆಯ ಕುಳ್ಳ ಇದ್ದಾನೆ, ಕೋಸಿಮೊನ ಆಸ್ಥಾನದ ಮೊರ್ಗಾಂತೆ. ಅವನ ಹತ್ತಿರದಲ್ಲೇ ಬುವೊಂತಾಲೆಂತಿಯ ಗುಹೆ, 1583ರಿಂದ 1593ರವರೆಗೆ ಕಟ್ಟಿದ್ದು. ಇದಕ್ಕೆ ಹದಿನೈದು ನಿಮಿಷ ಕೊಡಿ. ಗೋಡೆಯ ತುಂಬ ರಂಧ್ರ ರಂಧ್ರದ ಸುಣ್ಣಕಲ್ಲು. ದೂರದಿಂದ ಬರೀ ಒರಟು ಕಲ್ಲು ಕಂಡದ್ದು ಹತ್ತಿರ ಹೋದಂತೆ ಕುರುಬನಾಗುತ್ತದೆ, ಕುರಿಯಾಗುತ್ತದೆ, ಮರವಾಗುತ್ತದೆ. ನಾಲ್ಕು ಮೂಲೆಯಲ್ಲಿ ಮೈಕೆಲೇಂಜಲೊ ಅರ್ಧಕ್ಕೆ ಬಿಟ್ಟ ಸೆರೆಯಾಳುಗಳು, ಬಂಡೆಯಿಂದ ಭುಜ ಬಿಡಿಸಿಕೊಳ್ಳಲು ಹೆಣಗುತ್ತಿದ್ದಾರೆ. ಇವು ನಕಲು, ಮೂಲ ಶಿಲ್ಪಗಳು ಅಕಾದೆಮಿಯಾ ಮ್ಯೂಸಿಯಂನಲ್ಲಿವೆ. ಗುಹೆಯ ಬಾಗಿಲನ್ನು ಸಿಬ್ಬಂದಿ ಗೊತ್ತಾದ ವೇಳೆಗೆ ಮಾತ್ರ ತೆರೆಯುತ್ತಾರೆ. ಹೊರಗೆ ಬರೆದ ವೇಳೆ ಆಗಿಬರದಿದ್ದರೆ ಸರಳಿನಿಂದ ನೋಡಿ ಮುಂದೆ ನಡೆಯಿರಿ, ಕಾಯುತ್ತ ಕೂತರೆ ಬಿಸಿಲು ಏರುತ್ತದೆ.

ಈಗ ಏರು. ಅರಮನೆಯ ಹಿಂದಿನ ಅರ್ಧವೃತ್ತದ ಬಯಲು ಮೊದಲು ಕಲ್ಲಿನ ಕ್ವಾರಿ. ಅಲ್ಲಿ ತೆಗೆದ ಕಲ್ಲು ಅರಮನೆಗೆ ಹೋಯಿತು, ಉಳಿದ ಗುಂಡಿ ರಂಗಸ್ಥಳವಾಯಿತು. ನಡುವೆ ನಿಂತ ಕಲ್ಲಿನ ಕಂಬ ಈಜಿಪ್ಟಿನದು, ರೋಮ್ ಹಾದು ಬಂದದ್ದು. ಮೇಲೆ ನೆಪ್ಚೂನನ ಹೊಂಡ. ಅವನ ಕೈಯ ತ್ರಿಶೂಲ ನೋಡಿ ಊರಿನವರು ಅದನ್ನು ಫೋರ್ಕಿನ ಕಾರಂಜಿ ಎನ್ನುತ್ತಾರೆ. ಇನ್ನೂ ಮೇಲಕ್ಕೆ ಕವಲಿಯೆರೆ ತೋಟ. ಅಲ್ಲಿಂದ ಆಚೆ ನೋಡಿದರೆ ಊರು ಮಾಯ, ಬರೀ ಆಲಿವ್ ತೋಪು ಮತ್ತು ಗುಡ್ಡ. ಬಹಳ ಜನ ನೆಪ್ಚೂನನಿಂದಲೇ ಹಿಂದಿರುಗುತ್ತಾರೆ. ಇಷ್ಟು ಹತ್ತಿದ ಮೇಲೆ ಈ ನಾಲ್ಕು ಪಾವಟಿಗೆ ಬಿಡಬೇಡಿ.

ಮುಂದಿನದು ಇಳಿಕೆ. ವಿಯೊತ್ತೊಲೊನೆ ಎಂಬ ಸೈಪ್ರೆಸ್ ಮರಗಳ ಉದ್ದ ದಾರಿ ನೇರ ಕೆಳಗಿನ ಇಸೊಲೊತ್ತೊಗೆ, ಅಂದರೆ ನೀರಿನ ನಡುವಿನ ದ್ವೀಪಕ್ಕೆ, ಇಳಿಯುತ್ತದೆ. ಬೇಸಿಗೆಯಲ್ಲಿ ದ್ವೀಪದ ಸುತ್ತ ಮಣ್ಣಿನ ದೊಡ್ಡ ಕುಂಡಗಳಲ್ಲಿ ನಿಂಬೆ ಗಿಡ ಇಟ್ಟಿರುತ್ತಾರೆ, ಚಳಿಗಾಲಕ್ಕೆ ಅವು ನಿಂಬೆಮನೆಯ ಒಳಗೆ. ಇಳಿಜಾರು ಕಡಿದಾಗಿದೆ, ಖಡಿ ಜಾರುತ್ತದೆ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಬೇಡ; ಸೀರೆ ಉಡುವವರು ಗಿಡ್ಡಗೆ ಉಟ್ಟು ಬೂಟು ಹಾಕಿಕೊಳ್ಳಿ, ಕೋಲಿದ್ದರೆ ಇನ್ನೂ ಒಳ್ಳೆಯದು.

ಇಲ್ಲೇ ಎಡವುವುದು. ದ್ವೀಪ ನೋಡಿ ಬಂದ ದಾರಿಯಲ್ಲೇ ಪಿತ್ತಿ ಅರಮನೆಗೆ ವಾಪಸಾಗಲು ಹೊರಟರೆ ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ಪೋರ್ತಾ ರೊಮಾನಾ ಇಲ್ಲವೇ ಅನ್ನಲೇನಾ ಗೇಟಿನಿಂದ ಹೊರಬಿದ್ದರೆ ಸಪಾಟು ರಸ್ತೆ. ಆದರೆ ದೊಡ್ಡ ಚೀಲವನ್ನು ಅರಮನೆಯಲ್ಲಿ ಒಪ್ಪಿಸಿ ಬಂದಿದ್ದರೆ ವಿಯಾ ರೊಮಾನಾ ರಸ್ತೆಯಲ್ಲಿ ಸುಮಾರು ಒಂದು ಕಿಲೋಮೀಟರ್ ನಡೆದು ಹಿಂದಿರುಗಬೇಕು. ಸಣ್ಣ ಚೀಲ ಮಾತ್ರ ತನ್ನಿ. ಒಳಗೆ ಬುತ್ತಿ ಬಿಚ್ಚಿ ಹುಲ್ಲಿನ ಮೇಲೆ ಕೂಡಲು ಬಿಡುವುದಿಲ್ಲ.

ಹೊರಡುವ ಒಂದು ತಿಂಗಳು ಮೊದಲೇ ವಾರಕ್ಕೆ ಮೂರು ದಿನ ನೃಪತುಂಗ ಬೆಟ್ಟ ಹತ್ತಿ ಇಳಿದು ರೂಢಿ ಮಾಡಿಕೊಳ್ಳಿ. ಹೊಸ ಬೂಟು ಅಲ್ಲೇ ಪಳಗಲಿ.

ಮೇಲೆ ಹೋಗಲು ಬಸ್ಸು, ಕೆಳಗೆ ಬರಲು ಕಾಲು

ಬಾರ್ದಿನಿ ತೋಟ ನಾಲ್ಕು ಹೆಕ್ಟೇರಿನದು, 2005ರಲ್ಲಿ ಜೀರ್ಣೋದ್ಧಾರವಾಗಿ ತೆರೆಯಿತು. ಕೆಳಗಿನ ಗೇಟು ವಿಯಾ ದೆ ಬಾರ್ದಿಯಲ್ಲಿ, ಮೇಲಿನದು ಕೋಸ್ತಾ ಸಾನ್ ಜೋರ್ಜೊದಲ್ಲಿ. ಮೇಲಿನ ಗೇಟಿಗೆ ಟ್ಯಾಕ್ಸಿಯಲ್ಲಿ ಹೋಗಿ, ಇಳಿಯುತ್ತ ನೋಡಿ. ರಸ್ತೆಯಲ್ಲಿ ಕೈ ಮಾಡಿದರೆ ಟ್ಯಾಕ್ಸಿ ನಿಲ್ಲುತ್ತದೆಂಬ ನಂಬಿಕೆ ಬೇಡ, ಸ್ಟ್ಯಾಂಡಿಗೆ ಹೋಗಬೇಕು ಅಥವಾ ಹೋಟೆಲಿನವರಿಂದ ಫೋನ್ ಮಾಡಿಸಬೇಕು. ಬೊಬೊಲಿ ಟಿಕೆಟ್ಟಿನಲ್ಲೇ ಬಾರ್ದಿನಿಯೂ ಸೇರಿದೆ ಎಂದು ಹಳೇ ಬರಹಗಳಲ್ಲಿ ಓದಿ ಹೋಗಬೇಡಿ, ಕೊಳ್ಳುವಾಗಲೇ ಖಾತ್ರಿ ಮಾಡಿಕೊಳ್ಳಿ.

12 ಅಥವಾ 13ನೇ ನಂಬರ್ ಬಸ್ಸು ಪಿಯಾತ್ಸಾಲೆ ಮಿಕೆಲಾಂಜೆಲೊ ಎಂಬ ಎತ್ತರದ ಚೌಕಕ್ಕೆ ಒಯ್ಯುತ್ತದೆ. ಐರಿಸ್ ತೋಟ ಚೌಕದ ಪಕ್ಕದಲ್ಲೇ. ಗುಲಾಬಿ ತೋಟ ಅದರ ಕೆಳಗೆ: 1865ರಲ್ಲಿ ಜುಸೆಪ್ಪೆ ಪೊಜ್ಜಿ ರೂಪಿಸಿದ್ದು, ಪ್ರವೇಶ ಉಚಿತ. ಹುಲ್ಲಿನ ಮೇಲೆ ಕೂತು ರೊಟ್ಟಿ-ಚಟ್ನಿಪುಡಿ ತಿನ್ನುತ್ತ ದೊಡ್ಡ ಚರ್ಚಿನ ಗುಮ್ಮಟ ನೋಡಬಹುದು. ಬಸ್ಸು ಹತ್ತಿದ ಕೂಡಲೇ ಕಾಗದದ ಟಿಕೆಟ್ಟಿಗೆ ಮಷಿನಿನಲ್ಲಿ ಮುದ್ರೆ ಹೊಡೆಸಿ. ಟಿಕೆಟ್ ಕೈಯಲ್ಲಿದ್ದೂ ಮುದ್ರೆ ಇಲ್ಲದಿದ್ದರೆ ದಂಡ ಕಟ್ಟಬೇಕಾಗುತ್ತದೆ.

ಏರು ಸಾಧ್ಯವೇ ಇಲ್ಲ ಎನ್ನುವವರಿಗೆ ಸಾನ್ ಮಾರ್ಕೊ ಹತ್ತಿರದ ಸಪಾಟಾದ ಔಷಧಿ ಗಿಡಗಳ ತೋಟ ಇದೆ, 1545ರದು. ಪೀಸಾ, ಪಾದುವಾಗಳ ನಂತರ ಇಷ್ಟು ಹಳೆಯ ಸಸ್ಯೋದ್ಯಾನ ಇನ್ನೊಂದಿಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರು ಮನೆಯಲ್ಲಿದ್ದರೆ ಅವರನ್ನು ಇಲ್ಲಿ ಬಿಟ್ಟು ಉಳಿದವರು ಬೇರೆ ಕಡೆ ಹೋಗಬಹುದು.

ಕಾಶಿನೆಯಲ್ಲಿ ಕೊಲ್ಲಾಪುರದ ದೊರೆ

ಆರ್ನೊ ನದಿಯ ದಂಡೆಗೆ ಮೂರೂವರೆ ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಕಾಶಿನೆ ಉದ್ಯಾನವನ್ನು ಪ್ರವಾಸಿಗರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಮ್ಮ ಕಡೆಯವರು ಬಿಡಬಾರದು. 1870ರಲ್ಲಿ ಇಂಗ್ಲೆಂಡಿನಿಂದ ಊರಿಗೆ ಮರಳುತ್ತಿದ್ದ ಕೊಲ್ಲಾಪುರದ ಮಹಾರಾಜ ರಾಜಾರಾಮ ಛತ್ರಪತಿ ನವೆಂಬರ್ 30ರಂದು ಫ್ಲಾರೆನ್ಸ್‌ನಲ್ಲಿ ತೀರಿಕೊಂಡ, ವಯಸ್ಸು ಇಪ್ಪತ್ತರ ಆಸುಪಾಸು. ಊರಿನ ಅಧಿಕಾರಿಗಳಿಂದ ವಿಶೇಷ ಅನುಮತಿ ಪಡೆದು, ಆರ್ನೊಗೆ ಮುನ್ಯೊನೆ ಹೊಳೆ ಕೂಡುವ ಸಂಗಮದಲ್ಲಿ ಹಿಂದೂ ಪದ್ಧತಿಯಂತೆ ದಹನ ಮಾಡಿದರು. 1874ರಲ್ಲಿ ಅದೇ ಜಾಗದಲ್ಲಿ ಛತ್ರಿಯಡಿ ಅವನ ಬಣ್ಣದ ಎದೆಮಟ್ಟದ ಮೂರ್ತಿ ನಿಲ್ಲಿಸಿದರು. ಪಕ್ಕದ ದೊಡ್ಡ ಸೇತುವೆಗೂ ‘ಇಂಡಿಯಾನೊ’ ಎಂದೇ ಹೆಸರು.

ಟ್ರ್ಯಾಮ್ ಟಿ1ರಲ್ಲಿ ‘ಕಾಶಿನೆ’ ನಿಲ್ದಾಣಕ್ಕೆ ಇಳಿದು, ನದಿಯನ್ನು ಎಡಕ್ಕಿಟ್ಟುಕೊಂಡು ಪಶ್ಚಿಮಕ್ಕೆ ಸುಮಾರು ಮೂರು ಕಿಲೋಮೀಟರ್ ನಡೆಯಬೇಕು. ಪೂರ್ತಿ ಸಪಾಟು, ನೆರಳಿದೆ. ಹೋಗಿಬರಲು ಎರಡು ತಾಸು. ಮಂಗಳವಾರ ಮುಂಜಾನೆ ದೊಡ್ಡ ಸಂತೆ ಇರುತ್ತದೆ. ಚೀಲ ಎದೆಯ ಕಡೆ ಇರಲಿ. ಕತ್ತಲಾದ ಮೇಲೆ ಇಲ್ಲಿ ಸುತ್ತಾಡಬೇಡಿ.

ಇನ್ನೊಂದು ಅರ್ಧ ದಿನ ಉಳಿದರೆ ಊರ ಹೊರಗಿನ ಕಾಸ್ತೆಲ್ಲೊ ಮಹಲಿನ ತೋಟಕ್ಕೆ ಹೋಗಿ. ಅದನ್ನೂ ತ್ರಿಬೊಲೊನೇ, ಬೊಬೊಲಿಗಿಂತ ಮೊದಲು, ರೂಪಿಸಿದ್ದು. ಅಲ್ಲಿನ ಕುಂಡಗಳಲ್ಲಿ ‘ಬಿಜ್ಜಾರಿಯಾ’ ಎಂಬ ಗಿಡ ಹುಡುಕಿ. ಮಾದಲ ಮತ್ತು ಹುಳಿ ಕಿತ್ತಳೆ ಒಂದೇ ಹಣ್ಣಿನಲ್ಲಿ ಕೂಡಿವೆ: ಒಂದು ಪಟ್ಟಿ ಮಾದಲದ ಗಂಟು ಸಿಪ್ಪೆ, ಪಕ್ಕದ ಪಟ್ಟಿ ಕಿತ್ತಳೆಯ ನುಣುಪು. 17ನೇ ಶತಮಾನದಲ್ಲಿ ಫ್ಲಾರೆನ್ಸ್‌ನಲ್ಲೇ ಕಂಡುಬಂದದ್ದು, ಆಮೇಲೆ ಕಳೆದೇಹೋಯಿತೆಂದು ಬಗೆದಿದ್ದು, 1980ರಲ್ಲಿ ಮತ್ತೆ ಸಿಕ್ಕಿತು.

ಕಾಗದಪತ್ರ, ಬುತ್ತಿ

ಯುರೋಪಿನ ಹಲವು ದೇಶಗಳಿಗೆ ಒಂದೇ ಶೆಂಗೆನ್ ವೀಸಾ ಸಾಕು, ಅದರಲ್ಲಿ ಒಂದೇ ಗೊಂದಲ: ಅರ್ಜಿ ಯಾವ ದೇಶಕ್ಕೆ? ಮಗಳ ಮನೆ ಜರ್ಮನಿಯಲ್ಲಿದ್ದು ಅಲ್ಲಿ 20 ದಿನ, ಇಟಲಿಯಲ್ಲಿ 5 ದಿನ ಇರುವವರು ಜರ್ಮನಿಗೇ ಅರ್ಜಿ ಹಾಕಬೇಕು. ಹೆಚ್ಚು ದಿನ ಯಾವ ದೇಶವೋ ಆ ದೇಶ. ದಿನ ಸಮವಾದರೆ ಮೊದಲು ಕಾಲಿಡುವ ದೇಶ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, 15 ದಿನಕ್ಕಿಂತ ಕಡಿಮೆ ಉಳಿದಿರಬಾರದು. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಬೆರಳಚ್ಚಿಗೆ ಬೆಂಗಳೂರಿಗೆ ಖುದ್ದಾಗಿ ಹೋಗಬೇಕು. ಹಿಂದಿನ 59 ತಿಂಗಳೊಳಗೆ ಶೆಂಗೆನ್ ವೀಸಾಕ್ಕೆ ಕೊಟ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ.

ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಯ್ಯಿರಿ, ತೊಂದರೆಯಿಲ್ಲ. ಹಾಲಿನ ಪದಾರ್ಥ, ಮಾಂಸವನ್ನು ಯುರೋಪ್ ಒಕ್ಕೂಟದ ಹೊರಗಿನಿಂದ ಚೀಲದಲ್ಲಿ ತರಲು ನಿಷೇಧ. ತುಪ್ಪ, ಖೋವಾ ಅದರಲ್ಲಿ ಬರುತ್ತವೆ, ಕರಿಬೇವಿನ ಹಸಿ ಎಲೆಗೂ ಬಿಡುವುದಿಲ್ಲ. ಅಂದರೆ ಮೊಮ್ಮಕ್ಕಳಿಗೆಂದು ಕಟ್ಟಿಸಿದ ಧಾರವಾಡ ಪೇಡೆಯ ಡಬ್ಬಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲೇ ಉಳಿಯಬಹುದು. ಅದರ ಬದಲು ಶೇಂಗಾ ಉಂಡಿ ಮಾಡಿಕೊಂಡು ಹೋಗಿ.