ಬೇಹುಗಾರಿಕೆ ಉಪಗ್ರಹ ಸ್ವಂತ ಜನರ ಮೇಲೇ ಕಣ್ಣಿಟ್ಟರೆ ಏನು ಕೇಳಬೇಕು, ಹೇಗೆ ಕೇಳಬೇಕು

ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ಅಲ್ಲಿನ ಜನರನ್ನೇ ನೋಡುತ್ತಿವೆ ಎಂಬ ಸುದ್ದಿ ಬಂದಾಗ ಎಲ್ಲರೂ ಮೊದಲು ಕೇಳುವುದು, ನನ್ನ ಮುಖ ಕಾಣುತ್ತಾ ಅಂತ. ಆ ಪ್ರಶ್ನೆ ಬದಿಗಿಡಿ. ದುಡ್ಡು ಕೊಟ್ಟರೆ ಸಿಗುವ ಒಳ್ಳೆಯ ಉಪಗ್ರಹ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಸುಮಾರು 30 ಸೆಂಟಿಮೀಟರ್. ಅದರಲ್ಲಿ ಮನುಷ್ಯ ಒಂದೆರಡು ಚುಕ್ಕೆ ಅಷ್ಟೇ. ಗುಟ್ಟಿನ ಉಪಗ್ರಹಗಳ ಕಣ್ಣು ಇದಕ್ಕಿಂತ ಚುರುಕು, ನಿಜ. ಆದರೂ ನನಗೆ ಭಯ ಇರುವುದು ಮುಖದ ಬಗ್ಗೆ ಅಲ್ಲ. ಹಿತ್ತಲಲ್ಲಿ ಏನಿದೆ, ಯಾರ ಮನೆ ಮುಂದೆ ಯಾವ ಕಾರು ನಿಲ್ಲುತ್ತದೆ ಅಂತ ತಿಂಗಳುಗಟ್ಟಲೆ ಕೂಡಿಡುತ್ತಾ ಹೋಗುವುದರ ಬಗ್ಗೆ.

ಹಾಗಾಗಿ ಮೊದಲು ನೋಡಿ, ಚಿತ್ರ ಕೇಳಿದ್ದು ಯಾರು? 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಪರಿಹಾರ ಕೆಲಸಕ್ಕೆ ಇಂಥ ಚಿತ್ರ ಬಳಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ 2007ರಲ್ಲಿ, ದೇಶದೊಳಗಿನ ಭದ್ರತೆ ನೋಡಿಕೊಳ್ಳುವ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ 'ನ್ಯಾಷನಲ್ ಅಪ್ಲಿಕೇಶನ್ಸ್ ಆಫೀಸ್' ಎಂಬ ಕಚೇರಿ ತೆರೆದು ಪೊಲೀಸರಿಗೂ ಈ ಚಿತ್ರಗಳು ಸಿಗುವಂತೆ ಮಾಡಲು ಹೊರಟಿತು. ಇದು ಯಾವ ಕಾನೂನಿನ ಪ್ರಕಾರ ಅಂತ ಸಂಸದರು ಪಟ್ಟು ಹಿಡಿದರು. 2009ರಲ್ಲಿ ಇಲಾಖೆ ಯೋಜನೆಯನ್ನೇ ಕೈಬಿಟ್ಟಿತು. ಕೇಳುವವರಿದ್ದರೆ ನಿಲ್ಲುತ್ತದೆ, ಅಲ್ವಾ?

ಎರಡನೆಯದು ಕಾನೂನು. ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸಬಾರದು ಅನ್ನುವ 1878ರ ಪೊಸೆ ಕಾಮಿಟೇಟಸ್ ಕಾಯ್ದೆ ಇದೆ. ಆದರೆ ಸುಮ್ನೆ ಚಿತ್ರ ಕೊಡುವುದು ಅದರಡಿ ಬರುತ್ತದೋ ಇಲ್ಲವೋ ಅಂತ ವಾದ ಮಾಡಬಹುದು, ಅದನ್ನೇ ಜಾಸ್ತಿ ನಂಬಬೇಡಿ. ಗಟ್ಟಿ ಇರುವುದು ಸಕಾರಣವಿಲ್ಲದೆ ಸರ್ಕಾರ ಜನರ ಮನೆ, ವಸ್ತು ಶೋಧಿಸಬಾರದು ಅನ್ನುವ ಸಂವಿಧಾನದ ನಾಲ್ಕನೇ ತಿದ್ದುಪಡಿ. 1986ರ ಡೌ ಕೆಮಿಕಲ್ ತೀರ್ಪು ಓದಿ. ವಿಮಾನದಿಂದ ಕಾರ್ಖಾನೆಯ ಫೋಟೋ ತೆಗೆದದ್ದು ಸರಿ ಅಂದ ಸುಪ್ರೀಂ ಕೋರ್ಟ್, ಉಪಗ್ರಹದಂಥ, ಜನಸಾಮಾನ್ಯರ ಕೈಗೆ ಸಿಗದ ಸಾಧನ ಬಳಸಿದರೆ ವಾರಂಟ್ ಬೇಕಾಗಬಹುದು ಅಂತಲೂ ಹೇಳಿತು. 2001ರ ಕೈಲೋ ತೀರ್ಪಿನಲ್ಲಿ ಮನೆಯ ಶಾಖ ಅಳೆಯುವ ಕ್ಯಾಮೆರಾಕ್ಕೂ ಇದೇ ಅಳತೆಗೋಲು. ಈಗ ಯೋಚಿಸಿ, ಇವತ್ತು ಉಪಗ್ರಹ ಚಿತ್ರ ಯಾರು ಬೇಕಾದರೂ ಕೊಳ್ಳಬಹುದು, ಅಂದಮೇಲೆ ಜನರ ಕೈಗೆ ಸಿಗದ ಸಾಧನ ಅನ್ನುವ ಆ ಬೇಲಿ ವರ್ಷ ವರ್ಷ ತಗ್ಗುತ್ತಿದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಕಳವಳದ ಸಂಗತಿ ಇದೇ. ಸಮಾಧಾನ ಕೊಡುವುದು 2018ರ ಕಾರ್ಪೆಂಟರ್ ತೀರ್ಪು. ಒಬ್ಬರ ಓಡಾಟವನ್ನು ದಿನಗಟ್ಟಲೆ ಕೂಡಿಹಾಕಿದ ಮೊಬೈಲ್ ದಾಖಲೆಗೆ ವಾರಂಟ್ ಬೇಕು ಅಂತ ಅದು ಹೇಳಿದೆ.

ಇನ್ನು ಅರ್ಜಿ. ಅಲ್ಲಿನ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು, ಅಮೆರಿಕದ ಪ್ರಜೆಯೇ ಆಗಬೇಕಿಲ್ಲ. ಬೇಹುಗಾರಿಕೆ ಉಪಗ್ರಹ ಹಾರಿಸುವ ಎನ್‌ಆರ್‌ಒಗೆ (ನ್ಯಾಷನಲ್ ರೆಕಾನೆಸೆನ್ಸ್ ಆಫೀಸ್) ಬರೆಯುವ ಬದಲು ಚಿತ್ರ ಪರಿಶೀಲಿಸುವ ಎನ್‌ಜಿಎಗೆ (ನ್ಯಾಷನಲ್ ಜಿಯೋಸ್ಪೇಷಿಯಲ್-ಇಂಟೆಲಿಜೆನ್ಸ್ ಏಜೆನ್ಸಿ) ಬರೆಯಿರಿ. ಚಿತ್ರ ಕೇಳಬೇಡಿ, ರಹಸ್ಯ ಅಂತ ತಳ್ಳಿಹಾಕುತ್ತಾರೆ. 'ಪ್ರಾಪರ್ ಯೂಸ್ ಮೆಮೊರಾಂಡಮ್' ಕೇಳಿ. ದೇಶದೊಳಗಿನ ಚಿತ್ರ ಯಾವ ಕೆಲಸಕ್ಕೆ ಬೇಕು ಅಂತ ಬರೆದುಕೊಡುವ ಪತ್ರ ಅದು. ಯಾವ ವರ್ಷದ್ದು, ಯಾವ ಊರಿನದ್ದು ಅಂತ ಸ್ಪಷ್ಟವಾಗಿ ಹಾಕಿ. ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಗಡುವು 20 ಕೆಲಸದ ದಿನ, ಆದರೆ ತಡವಾಗುವುದೇ ಹೆಚ್ಚು. "ಇದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಮೇಲ್ಮನವಿಗೆ ಕನಿಷ್ಠ 90 ದಿನ ಇರುತ್ತದೆ, ಬಂದ ಪತ್ರ ಜೋಪಾನವಾಗಿ ಇಟ್ಟುಕೊಳ್ಳಿ.