ಪೀಸಾದಲ್ಲಿ ಗೋಪುರವನ್ನು ಕೊನೆಗಿಟ್ಟುಕೊಂಡ ದಿನ

ಮೊದಲ ಸಲ ಪೀಸಾಕ್ಕೆ ಹೋದಾಗ ರೈಲಿಳಿದು ಬಸ್ ಹತ್ತಿ, ವಾಲುವ ಗೋಪುರಕ್ಕೆ ಕೈ ಕೊಟ್ಟಂತೆ ಫೋಟೋ ತೆಗೆಸಿಕೊಂಡು, ಎರಡು ಗಂಟೆಯಲ್ಲಿ ಫ್ಲಾರೆನ್ಸಿಗೆ ವಾಪಸಾಗಿದ್ದೆ. ಊರು ಹೇಗಿದೆ ಅಂತ ಅಮ್ಮ ಕೇಳಿದಾಗ ಹೇಳಲು ಏನೂ ಇರಲಿಲ್ಲ. ಎರಡನೇ ಸಲ ಅಮ್ಮನನ್ನೇ ಕರೆದುಕೊಂಡು ಹೋದೆ. ಒಂದಿಡೀ ದಿನ ಇಟ್ಟುಕೊಂಡೆವು, ಬಸ್ಸಿನ ಗೊಡವೆಗೇ ಹೋಗಲಿಲ್ಲ.

ನಿಲ್ದಾಣದಿಂದ ಗೋಪುರದವರೆಗೆ ನಡೆದರೆ ಅರ್ಧ ಗಂಟೆಯ ದಾರಿ. ನಿಲ್ದಾಣದ ಹತ್ತಿರವೇ ಒಂದು ಚರ್ಚಿನ ಹಿಂಗೋಡೆಯ ತುಂಬ ಅಮೆರಿಕದ ಕಲಾವಿದ ಕೀತ್ ಹೇರಿಂಗ್ 1989ರಲ್ಲಿ ಬರೆದ ಬಣ್ಣಬಣ್ಣದ ಚಿತ್ರವಿದೆ. ಅದನ್ನು ನೋಡಿಕೊಂಡು ಆರ್ನೋ ನದಿ ದಾಟಿ, ವೆತ್ತೊವಾಲ್ಯೆ ಚೌಕದ ಮಾರುಕಟ್ಟೆಗೆ ಹೋದೆವು. ಸಸ್ಯಾಹಾರಿಗಳಿಗೆ ಆ ಕಡೆ ‘ಚೆಚೀನಾ’ ಸಿಗುತ್ತದೆ: ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಹುಯ್ದು ಒಲೆಯಲ್ಲಿ ಬೇಯಿಸಿದ್ದು, ಮೇಲೆ ಕಾಳುಮೆಣಸಿನ ಪುಡಿ. “ಹಸಿಮೆಣಸು ಕೊತ್ತಂಬರಿ ಬಿದ್ದಿದ್ದರೆ ನಮ್ಮನೇದೇ” ಎಂದಳು ಅಮ್ಮ. ಎರಡು ತುಂಡು ತಿಂದಳು.

ನಮ್ಮ ಹೆಚ್ಚಿನ ಹೊತ್ತು ಹೋದದ್ದು ಗೋಪುರದ ಪಕ್ಕದ ಕಾಂಪೊಸಾಂತೊದಲ್ಲಿ. 1278ರಲ್ಲಿ ಕಟ್ಟಲು ಶುರುಮಾಡಿದ, ಉದ್ದನೆಯ ಪಡಸಾಲೆಗಳ ಸ್ಮಶಾನ ಅದು. 1944ರ ಜುಲೈನಲ್ಲಿ, ಯುದ್ಧದ ನಡುವೆ ಶೆಲ್ ಬಿದ್ದು ಮರದ ಚಾವಣಿಗೆ ಬೆಂಕಿ ಹತ್ತಿತು. ಮೇಲೆ ಹೊದಿಸಿದ್ದ ಸೀಸ ಕರಗಿ ಸುರಿದು, ಗೋಡೆಗಳ ತುಂಬ ಇದ್ದ ಭಿತ್ತಿಚಿತ್ರಗಳು ಹಾಳಾದವು. ಉಳಿದದ್ದನ್ನು ಕಾಪಾಡಲು ಗೋಡೆಯಿಂದ ಬಿಡಿಸಿದಾಗ, ಅಡಿಯಲ್ಲಿ ಕಲಾವಿದರು ಕಾವಿಯಲ್ಲಿ ಹಾಕಿಕೊಂಡಿದ್ದ ಮೊದಲ ಗೀಟುಗಳು ಕಂಡವು. ಅವಕ್ಕೆ ‘ಸಿನೋಪಿಯೆ’ ಎನ್ನುತ್ತಾರೆ. ಹುಲ್ಲುಹಾಸಿನ ಆಚೆ ಬದಿಯಲ್ಲಿ ಅವಕ್ಕೇ ಒಂದು ಮ್ಯೂಸಿಯಂ ಇದೆ, ದಯವಿಟ್ಟು ಬಿಡಬೇಡಿ. ಮುಗಿದ ಚಿತ್ರಕ್ಕಿಂತ ಆ ಕೆಂಪು ಗೀಟುಗಳ ಮುಂದೆಯೇ ನಾನು ಹೆಚ್ಚು ಹೊತ್ತು ನಿಂತೆ. ಏಳುನೂರು ವರ್ಷದ ಹಿಂದಿನವನ ಕೈ ಎಲ್ಲಿ ತಡವರಿಸಿತು, ಎಲ್ಲಿ ಸರಾಗ ಹರಿಯಿತು ಎಂಬುದು ಅಲ್ಲಿ ಕಾಣುತ್ತದೆ.

ಕಾಂಪೊಸಾಂತೊದಲ್ಲೇ ಗಣಿತಜ್ಞ ಫಿಬೊನಾಚಿಯ ಅಮೃತಶಿಲೆಯ ವಿಗ್ರಹವಿದೆ. ಅವನು ಈ ಊರಿನವನೇ. ತಂದೆಯ ಕೆಲಸದ ನಿಮಿತ್ತ ಉತ್ತರ ಆಫ್ರಿಕಾಕ್ಕೆ ಹೋಗಿ, ಅಲ್ಲಿ ಕಲಿತ ಲೆಕ್ಕದ ಕ್ರಮವನ್ನು 1202ರಲ್ಲಿ ಲ್ಯಾಟಿನ್‌ನಲ್ಲಿ ಬರೆದ. “ಭಾರತೀಯರ ಒಂಬತ್ತು ಅಂಕಿಗಳು” ಎಂದೇ ಅವುಗಳನ್ನು ಪರಿಚಯಿಸಿ, ಜೊತೆಗೆ ಸೊನ್ನೆಯನ್ನೂ ಹೇಳಿಕೊಟ್ಟ. ರೋಮನ್ ಅಂಕಿಗಳಲ್ಲಿ ಲೆಕ್ಕ ಬರೆಯುತ್ತಿದ್ದ ವರ್ತಕರಿಗೆ ಅದೆಷ್ಟು ಹಗುರವಾಗಿರಬೇಕು! ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟ ಅಮ್ಮ ಇದನ್ನು ಕೇಳಿ ಸುಮ್ಮನೆ ನಿಂತಳು. ಆಮೇಲೆ, “ಇವನ ಜೊತೆ ಒಂದು ಫೋಟೋ ತೆಗಿ” ಎಂದಳು.

ಗೋಪುರವನ್ನು ಸಂಜೆ ಹೊರಗಿನಿಂದಲೇ ನೋಡಿದೆವು. ವಾಪಸ್ ಬರುವಾಗ ಸಾಂತಾ ಮರಿಯಾ ಬೀದಿ ಹಿಡಿದು ನದಿಯ ಕಡೆ ನಡೆಯಿರಿ. ಕೊನೆಯಲ್ಲಿ ಸಾನ್ ನಿಕೋಲಾ ಚರ್ಚಿನ ಗಂಟೆಗೋಪುರ ಬರುತ್ತದೆ. ಈ ಊರಿನ ನೆಲ ನದಿ ತಂದ ಮೆತ್ತನೆಯ ಮಣ್ಣು, ಹಾಗಾಗಿ ಅದೂ ವಾಲಿದೆ. ಅಮ್ಮನೇ ಮೊದಲು ಗಮನಿಸಿದ್ದು. ಅದರ ಮುಂದೆ ನಾವಿಬ್ಬರೇ ಇದ್ದೆವು.